ಅಂಗಸ್‌ನ ಚುಕ್ಕಿ

"ಎಲ್ಲೋ ಇಳಿದಿದಾನೆ ಬಿಡೇ, ಬಟನ್ ಒತ್ತೋಕೆ ಮರ್ತಿದಾನೆ. ಇವತ್ತಿನ ಬಿಯರೂ ಅವನದ್ದೇ!" ಎಂದು ನೆವಿಲ್ ನಕ್ಕ. ಬ್ರೈಡಿ ನಗಲಿಲ್ಲ. ಅವಳ ಕಣ್ಣು ಫೋನಿನ ನಕ್ಷೆಯ ಮೇಲಿತ್ತು. ಗಂಡ ಅಂಗಸ್‌ನ ಚುಕ್ಕಿ ಹಾಪ್‌ಕಿನ್ಸ್ ಕಣಿವೆಯ ಮೇಲ್ತುದಿಯಲ್ಲಿ ನಿಂತು ಬಹಳ ಹೊತ್ತಾಗಿತ್ತು.

ಒಮರಾಮದ ಗ್ಲೈಡರ್ ಮೈದಾನದಲ್ಲಿ ಅದೊಂದು ಕಟ್ಟಳೆ. ದೂರ ಹಾರುವವರೆಲ್ಲ ಅಂಗೈಯಗಲದ ಟ್ರ್ಯಾಕರ್ ಒಯ್ಯುತ್ತಾರೆ. ಅದು ಹತ್ತು ನಿಮಿಷಕ್ಕೊಮ್ಮೆ ತಾನಿರುವ ಜಾಗವನ್ನು ಉಪಗ್ರಹದ ಮೂಲಕ ಮನೆಯವರ ಫೋನಿಗೆ ಚುಕ್ಕಿಯಾಗಿ ಕಳಿಸುತ್ತದೆ. ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ವಿಮಾನ. ಗಾಳಿ ಕೈಕೊಟ್ಟರೆ ಯಾರದೋ ಕುರಿ ಮೇಯುವ ಬಯಲಲ್ಲಿ ಇಳಿಯಬೇಕು. ಇಳಿದವನು ಮೊದಲು 'ಕ್ಷೇಮ' ಬಟನ್ ಒತ್ತಬೇಕು, ಆಮೇಲೆ ಬೆಲ್ಟು ಬಿಚ್ಚಬೇಕು. ಮರೆತವನು ಎಲ್ಲರಿಗೂ ಬಿಯರ್ ಕುಡಿಸಬೇಕು. ಅಂಗಸ್ ಮಹಾ ಮರೆಗುಳಿ ಆಸಾಮಿ, ಈ ಬೇಸಿಗೆಯಲ್ಲೇ ಎರಡು ಸಲ ಕುಡಿಸಿದ್ದ.

"ಅಲ್ಲಿ ಇಳಿಯೋ ಜಾಗ ಎಲ್ಲಿದೆ ನೆವಿಲ್? ಬರೀ ಬಂಡೆ."

"ಹೊಳೆದಂಡೆ ಇದೆಯಲ್ಲ ಮಾರಾಯ್ತಿ..." ಎಂದವನು ವಾಯವ್ಯದ ಕಡೆ ನೋಡಿದ. ಬೆಟ್ಟದ ನೆತ್ತಿಯ ಮೋಡಗಳು ಚಿಂದಿಯಾಗಿ ಓಡುತ್ತಿದ್ದವು. ಮೈದಾನಕ್ಕೆಲ್ಲ ಹಿರಿಯ ಅವನು, ಆ ಗಾಳಿ ಏನು ಮಾಡಬಲ್ಲದೆಂದು ಗೊತ್ತಿತ್ತು. ಹೋಗಿ ರಕ್ಷಣಾ ಹೆಲಿಕಾಪ್ಟರಿನವರಿಗೆ ಫೋನ್ ಮಾಡಿ ಬಂದ.

"ವಿಮಾನ ಮುರಿದು ಜಿಗಿದಿದ್ರೂ ಭಯ ಇಲ್ಲ ಕಣಮ್ಮ. ಟ್ರ್ಯಾಕರ್ ಅವನ ಎದೆ ಮೇಲಿನ ಪ್ಯಾರಾಚೂಟ್ ಪಟ್ಟಿಯ ಚೀಲದಲ್ಲೇ ಇರತ್ತಲ್ಲ, ನೀನೇ ಹೊಲಿದಿದ್ದು. ಚುಕ್ಕಿ ಎಲ್ಲೋ ಅಂಗಸ್ ಅಲ್ಲೇ."

ಹೌದು, ಅವಳೇ ಹೊಲಿದ ಚೀಲ. ಹಿಂದೊಮ್ಮೆ ಒಬ್ಬ ಜಿಗಿದಾಗ ಟ್ರ್ಯಾಕರ್ ವಿಮಾನದ ಜೊತೆಗೇ ಹೋಗಿಬಿಟ್ಟಿತ್ತು. ಮನುಷ್ಯ ಸಿಕ್ಕುವಷ್ಟರಲ್ಲಿ ಬೆಟ್ಟದ ಚಳಿ ಅವನನ್ನು ಮುಗಿಸಿತ್ತು. ಅದನ್ನು ಕಂಡ ಮೇಲೆ ಬ್ರೈಡಿ ದಪ್ಪ ಸೂಜಿ ಹಿಡಿದು ಕೂತಿದ್ದಳು.

ಅವನು ಬಂದರೆ ಹೊದಿಸಲಿಕ್ಕೆಂದು ಕಂಬಳಿ ತರಲು ತಾವು ತಂಗಿದ್ದ ಕ್ಯಾರವಾನ್ ಗಾಡಿಗೆ ಹೋದಳು. ಚಹಾದ ಲೋಟದ ಪಕ್ಕದಲ್ಲಿ ಕತ್ತರಿ ಬಿದ್ದಿತ್ತು. ಅದರ ಪಕ್ಕ ಆ ಚೀಲ, ಹೊಲಿಗೆ ಬಿಚ್ಚಿದ್ದು, ಖಾಲಿ.

ಕಂಬಳಿ ತೋಳಿಗೆ ಹಾಕಿಕೊಂಡವಳು ಚೀಲವನ್ನು ಕೈಗೆತ್ತಿಕೊಂಡಳು. ಕಳೆದ ವಾರ ತಾನೇ ಕೂಗಾಡಿದ್ದಳು. "ಎಷ್ಟೊತ್ತು ಚುಕ್ಕಿನೇ ಇಲ್ಲ! ಜೀವ ಬಾಯಿಗೆ ಬಂದಿತ್ತು ನಂಗೆ. ಆ ಡಬ್ಬ ಇಟ್ಕೊಂಡು ಏನು ಸುಖ?"

"ಎದೆ ಮೇಲಿದ್ರೆ ಅದಕ್ಕೆ ಆಕಾಶ ಸರಿಯಾಗಿ ಕಾಣಲ್ಲ ಕಣೇ. ಏನಾದ್ರೂ ಮಾಡ್ತೀನಿ ಬಿಡು," ಎಂದಿದ್ದ ಅಂಗಸ್.

ಮಾಡಿದ್ದಾನೆ. ವಿಮಾನದ ಗಾಜಿನಡಿ, ಮುಂದಿನ ಮೀಟರುಗಳ ಮೇಲೆ ಅಂಟಿಸಿರಬೇಕು. ಇವತ್ತು ಒಂದು ಚುಕ್ಕಿಯೂ ತಪ್ಪಿರಲಿಲ್ಲ. ಬೆಳಗಿನಿಂದ ಅವಳು ಅದನ್ನೇ ನೋಡಿ ಹಿಗ್ಗಿದ್ದಳು, ಪಾಪ.

ಚೀಲ ಹಿಡಿದು ಹೊರಗೋಡಿದಳು. ಅಷ್ಟರಲ್ಲಿ ಮೈದಾನದಲ್ಲಿ ಕೇಕೆ. "ಬ್ರೈಡಿ! ಚುಕ್ಕಿ ಹೊರಡ್ತು ನೋಡೇ! ಎತ್ಕೊಂಡ್ರು ನಮ್ಮ ಮರೆಗುಳೀನ!" ನೆವಿಲ್ ಕುಣಿಯುವುದೊಂದು ಬಾಕಿ.

ಅವಳು ಚೀಲವನ್ನು ಮುಂದೆ ಹಿಡಿದಳು. "ಅದು ಅವನಲ್ಲ ನೆವಿಲ್."

ನೆವಿಲ್ ಚೀಲ ನೋಡಿದ, ಅವಳ ಮುಖ ನೋಡಿದ. ಅವನ ಕೈಯಲ್ಲಿದ್ದ ರೇಡಿಯೋದಲ್ಲಿ ಹೆಲಿಕಾಪ್ಟರಿನವರ ದನಿ ಗೊರಗುಟ್ಟಿತು.

"ಗ್ಲೈಡರ್ ಸಿಕ್ತು, ನುಚ್ಚುನೂರು. ಒಂದು ರೆಕ್ಕೆ ಇಲ್ಲ, ಮೇಲಿನ ಗಾಜೂ ಇಲ್ಲ. ಸೀಟಲ್ಲಿ ಯಾರೂ ಇಲ್ಲ, ಮೇಲೇ ಜಿಗಿದಿರಬೇಕು. ಟ್ರ್ಯಾಕರ್ ಮಾತ್ರ ತಗೊಂಡು ಬರ್ತಿದೀವಿ. ಬೆಳಕು ಹೋಗ್ತಿದೆ, ಗಾಳಿನೂ ಜೋರು. ಬೆಳಿಗ್ಗೆ ಮತ್ತೆ ಹುಡುಕ್ತೀವಿ."

"ಬೆಳಿಗ್ಗೆ ತನಕ ಅವನು ಆ ಚಳೀಲಿ... ಎಲ್ಲಿ ಅಂತ ಹುಡುಕ್ತಾರೆ ನೆವಿಲ್?"

ನೆವಿಲ್ ಅವಳ ತೋಳಿನಿಂದ ಕಂಬಳಿ ತೆಗೆದು ಅವಳಿಗೇ ಹೊದಿಸಿದ.

ಚುಕ್ಕಿ ಸರೋವರ ದಾಟಿತು, ಹೆದ್ದಾರಿ ದಾಟಿತು. ಹೆಲಿಕಾಪ್ಟರ್ ಇಳಿದಾಗ ಮೈದಾನದ ಹುಲ್ಲೆಲ್ಲ ಮಲಗಿತು. ಬ್ರೈಡಿಯ ಕೈಯಲ್ಲಿದ್ದ ಫೋನು ಒಮ್ಮೆ ಮಿನುಗಿತು. ಅಂಗಸ್‌ನ ಚುಕ್ಕಿ ಅವಳು ನಿಂತ ಜಾಗಕ್ಕೇ ಬಂದು ನಿಂತಿತ್ತು.