ತಗಡು ತೆಗೆದವನು

"ಯಾವ ಬೇವರ್ಸಿ ನನ್ಮಗನಪ್ಪಾ ಇದನ್ನ ಹೀಗೆ ಮಾಡಿದ್ದು?"

ಜೀಪಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ನಾನು ಕೇಳಿದ ಈ ಪ್ರಶ್ನೆಗೆ ಉತ್ತರ ಹೇಳಲು ಅಲ್ಲಿ ಯಾರೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಟಾರ್ಚನ್ನು ಸ್ವಲ್ಪ ಓರೆ ಮಾಡಿದೆ. ಚಾಸಿಯಲ್ಲಿ ಬೋಲ್ಟು ಬಿಚ್ಚಿದ ಎರಡು ತೂತು. ತುಕ್ಕು ಹಿಡಿಯದಿರಲೆಂದು ಅವುಗಳ ಸುತ್ತ ನೀಟಾಗಿ ಬಳಿದ ಕೆಂಪು ಬಣ್ಣ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಕೆಡಿಸುವವನು ಈ ಗ್ಯಾರೇಜಿನಲ್ಲಿ ಒಬ್ಬನೇ. ನಾನು.

ಹಿಂದಿನ ಅಚ್ಚನ್ನು ಹಿಡಿದಿಡುವ ಆರ್ಮಿನ ತುದಿಯಲ್ಲಿ ಒಂದು ರಬ್ಬರ್ ಬುಷ್ ಇರುತ್ತದೆ, ಮುಷ್ಟಿಯಷ್ಟು ದಪ್ಪ. ಗಾಡಿ ಕುಲುಕಿದಷ್ಟೂ ತಾನು ಹಿಸುಕಿಸಿಕೊಂಡು, ಕಬ್ಬಿಣಕ್ಕೂ ಕಬ್ಬಿಣಕ್ಕೂ ಜಗಳವಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ನಮ್ಮ ಮನೆಯಲ್ಲಿ ಅಕ್ಕನ ಕೆಲಸವೂ ಅದೇ. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿದೆ. ಒಳ್ಳೆಯ ರಬ್ಬರಾದರೆ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಇದು ತಳ್ಳಲಿಲ್ಲ, ಕರಿ ಪುಡಿಯಾಗಿ ನನ್ನ ಕಣ್ಣಿಗೇ ಉದುರಿತು. ಎರಡು ಬೆರಳು ದೂರದಲ್ಲಿ ಸೈಲೆನ್ಸರ್ ಪೈಪು. ತಿಂಗಳುಗಟ್ಟಲೆ ಅದರ ಕಾವಿನಲ್ಲಿ ಬುಷ್ಷು ಬೆಂದು ಇದ್ದಿಲಾಗಿ, ಸೀಳಿ, ಆರ್ಮು ಜಾಗ ಬಿಟ್ಟು ಜರುಗಿತ್ತು.

ಜೀಪು ಕಲ್ಲುಕ್ವಾರಿಯ ಧಣಿಗಳದು. ಹಳ್ಳ ಕೊಳ್ಳ ಹಾರಿಸಲು ಅದನ್ನು ಆರಿಂಚು ಎತ್ತರಿಸಬೇಕು ಎಂದರು, ಎತ್ತರಿಸಿದೆ. ಅದಕ್ಕಾಗಿ ಉದ್ದದ ಆರ್ಮ್ ಹಾಕಿದಾಗ ಬುಷ್ಷು ಬಂದು ಪೈಪಿನ ಪಕ್ಕ ಕೂತಿತು. ಬಿಸಿ ತಾಕದಿರಲೆಂದು ನಡುವೆ ಒಂದು ತಗಡು ಕಟ್ಟಿದೆ. ಅಷ್ಟು ಬುದ್ಧಿ ಇತ್ತು.

ಹದಿನೈದು ದಿನಕ್ಕೆ ಧಣಿಗಳು ಮತ್ತೆ ಬಂದರು. ಎಲ್ಲೋ ಗಿಲಕಿಯ ಹಾಗೆ ಸದ್ದು. ಗ್ಯಾರೇಜ್ ಮಾಲೀಕ ನನ್ನನ್ನು ಮುಂದೆ ತಳ್ಳಿದ. ನಮ್ಮಪ್ಪ ಬೆಳಗ್ಗೆ ಎದ್ದು ಪದ್ಯ ಓದುವಾಗ ಗೋಡೆಗೊರಗಿ ಕೇಳುತ್ತಾ ಬೆಳೆದವನು ನಾನು. ಒಂದು ಮಾತ್ರೆ ತಪ್ಪಿದರೂ ಗೊತ್ತಾಗುತ್ತಿತ್ತು. ಆ ಕಿವಿಯೇ ಈಗ ಬೇರಿಂಗು ಸವೆದದ್ದನ್ನು ಹೇಳುತ್ತದೆ. ಗ್ಯಾರೇಜಿನಲ್ಲಿ ನನ್ನ ಹೆಸರೂ 'ಕಿವಿ'.

ಓಡುವಾಗಿನ ಸದ್ದು ಕೇಳಲೆಂದು ಬಾಗಿಲು ತೆಗೆದು ಹತ್ತಲು ಹೋದೆ. ಧಣಿಗಳು ತಡೆದರು.

"ಏ, ಏ! ಸೀಟು ಕೊಳೆ ಆಗುತ್ತೆ. ಹಿಂದೆ ಸ್ಟೆಪ್ನಿ ಹತ್ರ ಮುದುರ್ಕೊ."

ಸೀಟಿನ ಮೇಲೆ ಧಣಿಗಳ ನಾಯಿ ಕೂತಿತ್ತು. ನಾನು ಸ್ಟೆಪ್ನಿಯನ್ನು ತಬ್ಬಿಕೊಂಡು ಮಂಡಿಯನ್ನು ಗದ್ದಕ್ಕೆ ತಾಗಿಸಿ ಕೂತೆ. ಜೀಪು ಓಡಿಸುತ್ತಿದ್ದವನು ಧಣಿಗಳ ಡ್ರೈವರು, ನನ್ನ ಅಕ್ಕನ ಗಂಡ. ಕನ್ನಡಿಯಲ್ಲಿ ನನ್ನನ್ನು ನೋಡಿ ಕಣ್ಣು ತಗ್ಗಿಸಿದ. ಪ್ರತಿ ಗುಂಡಿಗೂ ನಾಯಿ ಹಿಂದಿರುಗಿ ನನ್ನನ್ನು ನೋಡುತ್ತಿತ್ತು, ಇವನಿಗೆ ಟಿಕೆಟ್ ಕೊಟ್ಟವರು ಯಾರು ಎಂಬಂತೆ.

"ತಗಡಿನ ಸದ್ದು, ಧಣಿ. ಒಂದು ವಾಷರ್ ಹಾಕಿ ಬಿಗಿ ಮಾಡಿದ್ರೆ ಹೋಗುತ್ತೆ."

"ಬಿಗಿ ಗಿಗಿ ಬೇಡ. ಕಿತ್ತು ಬಿಸಾಕು."

"ಅದು ಬಿಸಿಗೆ ಅಡ್ಡ..."

"ಗಾಡಿ ನಂದೋ ನಿಂದೋ?" ಎಂದವರು ಅದೇನು ಅನಿಸಿತೋ, ನನ್ನ ಭುಜ ತಟ್ಟಿದರು. "ಕಿವಿ ಅಂದ್ರೆ ಕಿವಿ ಕಣಯ್ಯ. ಉಸ್ತಾದ್ ನೀನು."

ಉಸ್ತಾದ್. ಹುಟ್ಟಿದಾಗಿನಿಂದ ಯಾರೂ ಕರೆದಿರಲಿಲ್ಲ. ತಗಡೇನು, ಆ ಮಾತಿಗೆ ಬ್ರೇಕು ಬಿಚ್ಚು ಎಂದಿದ್ದರೂ ಬಿಚ್ಚಿ, ತೂತಿಗೆ ಬಣ್ಣ ಬಳಿದು ಕೊಡುತ್ತಿದ್ದೆ.

ಹೋದ ವಾರ ಊಟಕ್ಕೆ ಕೂತಾಗ ಭಾವ ಹೇಳಿದ್ದ: "ಲೋ, ಗಾಡಿ ಎಡಕ್ಕೆ ಎಳೀತಿದೆ ಕಣೋ."

"ಗಾಡಿ ಎಳೀತಿದ್ಯೋ, ನೀನೋ? ಟೈರಿಗೆ ಗಾಳಿ ಹೊಡಿಸು ಭಾವ," ಎಂದು ಈ ಉಸ್ತಾದರು ಅಪ್ಪಣೆ ಕೊಡಿಸಿ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಮೊನ್ನೆ ಕ್ವಾರಿಯ ಇಳಿಜಾರಿನಲ್ಲಿ ಜೀಪು ಎಡಕ್ಕೆ ನುಗ್ಗಿ, ಜಲ್ಲಿ ಒಡೆಯುತ್ತಾ ಕೂತಿದ್ದ ಹೆಂಗಸಿನ ಕಾಲ ಮೇಲೆ ಹತ್ತಿತು. ಡ್ರೈವರು ಕುಡಿದಿದ್ದ ಎಂದು ಧಣಿಗಳು ಪೊಲೀಸರಿಗೆ ಬರೆದು ಕೊಟ್ಟರು. ದಿನಕ್ಕೆ ಎರಡನೇ ಟೀ ಕುಡಿಯಲೂ ಯೋಚಿಸುವ ಭಾವ ಅಂದಿನಿಂದ ಲಾಕಪ್ಪಿನಲ್ಲಿದ್ದಾನೆ. ಈ ಬೆಳಗ್ಗೆ ಅಕ್ಕ ಅವನಿಗೆ ಊಟದ ಡಬ್ಬಿ ಒಯ್ಯುತ್ತಾ ಗ್ಯಾರೇಜಿನ ಬಾಗಿಲಲ್ಲಿ ನಿಂತಳು.

"ಗಾಡಿಗೆ ಏನಾಗಿತ್ತೋ?"

"ನೋಡ್ತೀನಿ ಅಕ್ಕ."

ಈಗ ನೋಡಿದ್ದಾಯಿತು.

ಜೀಪಿನ ಪಕ್ಕ ಎರಡು ಜೊತೆ ಕಾಲು ಬಂದು ನಿಂತವು. ಹಳೇ ಚಪ್ಪಲಿ ಮಾಲೀಕನದು, ಹೊಳೆಯುವ ಬೂಟು ಧಣಿಗಳದು. ಒಂದು ಹೊಸ ಬುಷ್ಷಿನ ಡಬ್ಬಿ ನೆಲದ ಮೇಲೆ ಜಾರಿ ನನ್ನ ಕಿವಿಯ ಹತ್ತಿರ ಬಂತು.

"ಹನ್ನೊಂದಕ್ಕೆ ಗಾಡಿ ನೋಡೋಕೆ ಇನ್ಸ್‌ಪೆಕ್ಟರು ಬರ್ತಾರೆ," ಎಂದರು ಧಣಿ. "ಅಷ್ಟರೊಳಗೆ ಇದನ್ನ ಹಾಕು. ತಗಡೂ ಕಟ್ಟು. ಹಳೇದನ್ನ ನನ್ನ ಕೈಗೆ ಕೊಡು."

"ಆಮೇಲೆ ನಮ್ಮ ಭಾವ?"

"ಗಾಡಿ ಸರಿ ಇತ್ತು, ಡ್ರೈವರ್ ಸರಿ ಇರಲಿಲ್ಲ. ಮುಗೀತು."

"ಅವನು ಸರಿ ಇದ್ದ, ಧಣಿ."

"ಓಹೋ. ಹಾಗಾದ್ರೆ ತಗಡು ತೆಗೆದವನು ಯಾರು? ನಾನು ಸ್ಪ್ಯಾನರ್ ಹಿಡಿದಿದ್ನಾ? ಯೋಚನೆ ಮಾಡು ಉಸ್ತಾದ್. ಅವನು ಒಳಗಿರಬೇಕು, ಇಲ್ಲಾ ನೀನು."

ಧಣಿಗಳು ಸುಳ್ಳು ಹೇಳಿರಲಿಲ್ಲ, ಅದೇ ತೊಂದರೆ. ಸ್ಪ್ಯಾನರ್ ಹಿಡಿದದ್ದು ಈ ಕೈಯೇ. ಹೊಸ ಬುಷ್ಷನ್ನು ಡಬ್ಬಿಯಿಂದ ತೆಗೆದೆ. ಒತ್ತಿದೆ. ಎಷ್ಟು ಚೆನ್ನಾಗಿ ಹಿಂದಕ್ಕೆ ತಳ್ಳಿತು! ನಲವತ್ತು ನಿಮಿಷದ ಕೆಲಸ. ನನ್ನ ಕೈ ತಾನಾಗಿಯೇ ಹದಿನೆಂಟರ ಸ್ಪ್ಯಾನರಿಗೆ ತಡಕಾಡಿತು, ಸಿಕ್ಕಿತು, ನಟ್ಟಿಗೆ ಕೂತಿತು ಕೂಡ. ನಾಚಿಕೆಗೆಟ್ಟ ಕೈ. ನಟ್ಟಿನಿಂದ ಕರಿ ಪುಡಿ ಮತ್ತೆ ಮುಖಕ್ಕೆ ಉದುರಿತು. ಆ ಹೆಂಗಸಿನ ಹೆಸರು ಕೂಡ ನಾನು ಕೇಳಿರಲಿಲ್ಲ.

ಸ್ಪ್ಯಾನರ್ ಕೆಳಗಿಟ್ಟೆ.

"ಯಾಕೋ ಸದ್ದೇ ಇಲ್ಲ?" ಮಾಲೀಕ ಬಗ್ಗಿ ನೋಡಿದ. "ಲೋ ಕಿವಿ, ನನ್ನ ಗ್ಯಾರೇಜ್ ಮುಚ್ಚಿಸ್ತೀಯೇನೋ ಬೋಳಿಮಗನೆ? ಈಚೆ ಬಾರೋ." ನನ್ನ ಕಾಲು ಹಿಡಿದು ಎಳೆದ. ಹನ್ನೆರಡು ವರ್ಷದ ಚಾಕರಿಯಲ್ಲಿ ಮಾಲೀಕ ನನ್ನ ಕಾಲು ಹಿಡಿದದ್ದು ಇದೇ ಮೊದಲು. ನಾನು ಎರಡೂ ಕೈಯಿಂದ ಅಚ್ಚನ್ನು ತಬ್ಬಿಕೊಂಡೆ. ಎಡಗಾಲಿನ ಚಪ್ಪಲಿ ಮಾತ್ರ ಅವನ ಕೈಗೆ ಹೋಯಿತು.

ಹೊಳೆಯುವ ಬೂಟು ನಿಧಾನವಾಗಿ ನಡೆದು ಹೋಗಿ ಜಾಕಿನ ಹಿಡಿಯ ಪಕ್ಕ ನಿಂತಿತು. ಹಿಂದಿನ ಎರಡೂ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ್ದೆ. ಅಡಿಗೆ ಸ್ಟ್ಯಾಂಡ್ ಇಡುವ ಪುರುಸೊತ್ತು ಇರಲಿಲ್ಲ; ನನ್ನ ಎದೆಯ ಮೇಲಿನ ಗಾಡಿಯನ್ನು ಎತ್ತಿ ಹಿಡಿದಿದ್ದದ್ದು ಆ ಜಾಕು ಒಂದೇ. ಅಪ್ಪ ಓದುತ್ತಿದ್ದ ಪದ್ಯಗಳಲ್ಲಿ ವೀರರು ರಥದ ಮೇಲೆ ನಿಂತು ಮಾತಾಡುತ್ತಿದ್ದರು. ರಥದ ಅಡಿಯಲ್ಲಿ, ಒಂದೇ ಚಪ್ಪಲಿಯಲ್ಲಿ, ಹೊಟ್ಟೆ ಒಳಗೆಳೆದುಕೊಂಡು ಮಲಗಿದವನ ಕಥೆ ನನಗೆ ಜ್ಞಾಪಕಕ್ಕೆ ಬರಲಿಲ್ಲ.

"ಕೊನೇ ಸಲ ಹೇಳ್ತಿದೀನಿ," ಎಂದರು ಧಣಿ, ಪ್ರೀತಿಯಿಂದಲೇ. "ಅದನ್ನ ಬಿಚ್ಚಿ ಕೊಡು."

ಅಚ್ಚನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡೆ. ಧ್ವನಿ ಇಲಿಯ ಹಾಗೆ ಬಂತು, ಆದರೂ ಬಂತು.

"ಬಿಚ್ಚಲ್ಲ."