ಹುಳುಮನೆಯ ಮುಡಿಪು

ಹಳೆಯ ತಟ್ಟೆಯಿಂದ ರೇಷ್ಮೆಹುಳುಗಳನ್ನು ಒಂದೊಂದಾಗಿ ಹೊಸ ತಟ್ಟೆಗೆ ಎತ್ತಿಡುತ್ತಿದ್ದ ಜ್ಞಾನಮ್ಮನ ಕಣ್ಣು ಮೂಲೆಯ ಕಂಬದ ಕಡೆ ಹೋಯಿತು. ಮುಡಿಪು ಅಲ್ಲಿರಲಿಲ್ಲ.

ಕೈಯಲ್ಲಿದ್ದ ಹುಳುವನ್ನು ಮೆಲ್ಲಗೆ ಇಳಿಸಿ ಕಂಬದ ಸುತ್ತ ತಡವಿದಳು. ನೆಲ ನೋಡಿದಳು, ಹಿಕ್ಕೆಯ ಮಂಕರಿ ಕೆದಕಿದಳು. ಸಿಗಲಿಲ್ಲ. ಹೊಟ್ಟೆನೋವಿನಿಂದ ಹೊರಳಾಡುತ್ತಿದ್ದ ಗಂಡ ದಾನಿಯೇಲಪ್ಪನನ್ನು ಗಾಡಿಯಲ್ಲಿ ಮಲಗಿಸಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಒಯ್ದ ದಿನ, ಅರಿಶಿನದ ಬಟ್ಟೆಯಲ್ಲಿ ಕಾಸು ಗಂಟು ಹಾಕಿ ಗಂಗಮ್ಮನಿಗೆಂದು ಕಟ್ಟಿದ್ದಳು. ಹಾಗಂತ ಯೇಸುವಿಗೆ ಪ್ರಾರ್ಥನೆ ಮಾಡುವುದನ್ನೇನೂ ಬಿಟ್ಟಿರಲಿಲ್ಲ. ಒಂದು ಬಾಗಿಲಲ್ಲಿ ಕೇಳಿಸದಿದ್ದರೆ ಇನ್ನೊಂದರಲ್ಲಾದರೂ ಕೇಳಿಸಲಿ ಎನ್ನುವುದು ಅತ್ತೆಯ ಕಾಲದಿಂದ ಆ ಮನೆಯ ಹೆಂಗಸರಲ್ಲಿ ಗುಟ್ಟಾಗಿ ಉಳಿದುಬಂದಿತ್ತು.

ಹುಳು ನಾಲ್ಕನೇ ಜ್ವರದಿಂದ, ಪೊರೆ ಕಳಚುವ ಕೊನೆಯ ನಿದ್ದೆಯಿಂದ, ಎದ್ದಿತ್ತು. ಇನ್ನು ಗೂಡು ಕಟ್ಟುವವರೆಗೆ ಹೊತ್ತು ಹೊತ್ತಿಗೂ ಸೊಪ್ಪು ಬೇಕು, ಒಂಟಿ ಹೆಂಗಸಿನ ಕೈಯಲ್ಲಿ ಆಗುವ ಕೆಲಸವಲ್ಲ. ಊರಿನ ಕ್ರೈಸ್ತ ಸಭೆಯ ಹೆಂಗಸರು ಸರದಿಯ ಮೇಲೆ ಬಂದು ಸೊಪ್ಪು ಕೊಯ್ದು, ಹೊತ್ತು ತಂದು ಹಾಕಿ ಹೋಗುತ್ತಿದ್ದರು. ನಿನ್ನೆ ಅವಳು ಗಂಡನನ್ನು ನೋಡಿ ಬರಲು ಹೋಗಿದ್ದಾಗ ಸರದಿ ಸುಗುಣಮ್ಮನದು. ಸಭೆಯ ಹಿರಿಯ ಸಮಾಧಾನಪ್ಪನ ಹೆಂಡತಿ.

ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಹೋದ ವರ್ಷ ಕದಿರಮ್ಮ ಗಂಗಮ್ಮನಿಗೆ ಮಗುವಿನ ಮುಡಿ ಕೊಡಿಸಿಕೊಂಡು ಬಂದಳೆಂದು ಸಭೆಯವರು ಅವಳಿಗೆ ಕರ್ತನ ಭೋಜನದ ರೊಟ್ಟಿ-ದ್ರಾಕ್ಷಾರಸ ನಿಲ್ಲಿಸಿದ್ದರು. ಅದರ ಹಿಂದೆಯೇ ಅವಳ ಮನೆಗೆ ಹೋಗಿಬರುವುದೂ ನಿಂತಿತು. ಸುದ್ದಿ ಹೊರಬಿದ್ದದ್ದು ಅವಳ ಬಾಣಂತನಕ್ಕೆ ಸಾರು ಹೊತ್ತುಕೊಂಡು ಹೋಗುತ್ತಿದ್ದ ಸುಗುಣಮ್ಮನಿಂದಲೇ ಎಂದು ಎಲ್ಲರೂ ನಂಬಿದ್ದರು. ಸಾರು ತಂದ ಪಾತ್ರೆಯಲ್ಲೇ ಮಾತು ತುಂಬಿಕೊಂಡು ಹೋಗುವವಳು ಎಂದು ಜ್ಞಾನಮ್ಮನೂ ಆಡಿದ್ದುಂಟು. ಈಗ ತನ್ನ ಮನೆಗೂ ಯಾರೂ ಬರದೆ ಹೋದರೆ ಈ ಹುಳುವಿನ ಗತಿ? ಆಸ್ಪತ್ರೆಯಿಂದ ಬರುವವನಿಗೆ ಗಂಜಿ ಎಲ್ಲಿಂದ?

ಹೊರಗೆ ಸೊಪ್ಪಿನ ಹೊರೆ ದೊಪ್ಪನೆ ಬಿತ್ತು. ಸುಗುಣಮ್ಮ ತಲೆಯ ಸಿಂಬಿ ಬಿಚ್ಚುತ್ತ ಒಳಗೆ ಬಂದಳು. ಇವತ್ತು ಅವಳ ಸರದಿಯೇ ಅಲ್ಲ.

"ದಾನಿಯೇಲ ಹೆಂಗವ್ನೆ?"

"ಪರವಾಗಿಲ್ಲ ಅಕ್ಕ. ಹೊಲಿಗೆ ಬಿಚ್ಚಿಲ್ಲ ಇನ್ನ."

"ಮಕ ಯಾಕಂಗೆ ಬತ್ತೋಗದೆ? ಏನಾರ ಕಳ್ಕಂಡ್ಯಾ?"

"ಏನಿಲ್ಲ," ಎಂದು ಜ್ಞಾನಮ್ಮ ತಟ್ಟೆಯ ಮೇಲೆ ಬಗ್ಗಿದಳು. ಬಾಯಿ ಬಿಡಿಸಲು ಕೇಳುತ್ತಿದ್ದಾಳೆ. ಮುಡಿಪು ಅವಳ ಸೊಂಟದಲ್ಲೇ ಇರಬೇಕು. ಸುಗುಣಮ್ಮ ಸೊಪ್ಪು ಹರಡಲು ಬಗ್ಗಿದಾಗಲೆಲ್ಲ ಜ್ಞಾನಮ್ಮ ಅವಳ ಸೆರಗಿನ ಗಂಟನ್ನೇ ಓರೆಗಣ್ಣಿನಲ್ಲಿ ನೋಡಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಸಮಾಧಾನಪ್ಪ ಬಂದಿದ್ದ.

"ಗ್ಯಾನಮ್ಮ, ಭಾನುವಾರ ಭೋಜನ ಅದೆ. ಅದಕ್ಕೆ ಮುಂಚೆ ಮನೆಮನೆ ನೋಡ್ಕಂಡು ಬರ್ತಿದ್ದೀನಮ್ಮ. ಹುಳುಮನೇಗಳಲ್ಲಿ ಏನೇನೋ ಕಟ್ತಾರಂತೆ ಅಂತ ಪಾದ್ರಿ ಅಯ್ಯನೋರ ಕಿವಿಗೆ ಬಿದ್ದದೆ. ಒಂದ್ ಸಲ ಒಳಗೆ ನೋಡ್ಕಂಡು ಹೋಗ್ತೀನಿ."

ಜ್ಞಾನಮ್ಮನಿಗೆ ಎಲ್ಲ ಅರ್ಥವಾಯಿತು ಅನಿಸಿತು. ಹೆಂಡತಿ ಮುಂದೆ, ಗಂಡ ಹಿಂದೆ. ಸಾಕ್ಷಿ ಸೆರಗಿನಲ್ಲಿ.

"ಅಲ್ಲೇ ನಿಂತ್ಕಳ್ರಿ," ಎಂದಳು ಸುಗುಣಮ್ಮ, ತಲೆ ಎತ್ತದೆ. "ಬೀಡಿ ಸೇದಿದ ಕೈ ನಿಮ್ದು. ಆ ಹೊಗೆಸೊಪ್ಪಿನ ಗಾಳಿ ತಗುಲಿದ್ರೆ ಹುಳ ಹಸಿರು ಕಕ್ಕಿ ಸಾಯ್ತವೆ. ಆಮೇಲೆ ಇವಳ ಬೆಳೆ ನೀವು ಕಟ್ಟಿಕೊಡ್ತೀರಾ?"

"ಯಾವಾಗ್ ಸೇದಿದೆ ನಾನು? ಬಿಟ್ಟು ಎಷ್ಟ್ ದಿನ ಆಯ್ತು."

"ಹಂಗಾದ್ರೆ ಹುಣಸೇಮರದ ಹಿಂದ್ಗಡೆ ಹೊಗೆ ಆಡೋದು ದೆವ್ವಾನಾ?"

ಸಮಾಧಾನಪ್ಪ ಬಾಗಿಲ ಚೌಕಟ್ಟಿನಿಂದ ಕೈ ತೆಗೆದ. "ಸರಿ ಸರಿ. ಒಳಗೆ ಏನಾದ್ರೂ ಅದಾ, ನೀನೇ ಹೇಳು."

"ನಿನ್ನೆ ಮೂಲೆಮೂಲೆ ನಾನೇ ಗುಡಿಸಿದೀನಿ. ಹುಳ ಬಿಟ್ರೆ ಏನೂ ಇಲ್ಲ."

ಅವನು ಇನ್ನೊಂದು ಸಲ ಕೆಮ್ಮಿ ಹೋದ. ಅವನ ಚಪ್ಪಲಿ ಸದ್ದು ದೂರವಾಗುವವರೆಗೆ ಇಬ್ಬರೂ ಸೊಪ್ಪು ಹರಡಿದರು. ಆಮೇಲೆ ಸುಗುಣಮ್ಮ ಗದ್ದ ಎತ್ತಿ ಮಾಡಿನ ಜಂತಿ ತೋರಿಸಿದಳು. ಜಂತಿಯ ಸಂದಿನಲ್ಲಿ ಅರಿಶಿನದ ಬಟ್ಟೆಯ ತುದಿ ಒಂದು ಕೂದಲೆಳೆಯಷ್ಟು ಕಾಣುತ್ತಿತ್ತು.

"ಕಣ್ಣಿಗೆ ಹೊಡಿಯೋ ಹಂಗೆ ಕಟ್ತಾರೇನೆ?"

ಜ್ಞಾನಮ್ಮನಿಗೆ ನಿರಾಳವಾಗುವ ಬದಲು ಇನ್ನೊಂದು ಅನುಮಾನ ತಲೆ ಎತ್ತಿತು. ಇವತ್ತು ಮುಚ್ಚಿಟ್ಟವಳು ನಾಳೆ ಇದನ್ನೇ ಹಿಡಿದು ಆಡಿಸುವುದಿಲ್ಲವೇ? ತಡೆಯಲಾರದೆ ಕೇಳಿಯೇಬಿಟ್ಟಳು.

"ಕದಿರಮ್ಮನ್ನ ಯಾಕಕ್ಕ ಉಳಿಸ್ಲಿಲ್ಲ?"

ಸುಗುಣಮ್ಮನ ಕೈ ನಿಂತಿತು. "ಅವತ್ತೂ ಇವರು ಹಿಂಗೇ ಬಾಗಿಲಲ್ಲಿ ನಿಂತು ಕೇಳಿದ್ರು ಕಣೆ," ಎಂದಳು. "ನಿಜ ಹೇಳ್ದೆ."

ಅಷ್ಟು ಹೇಳಿ ಖಾಲಿ ಮಂಕರಿ ಎತ್ತಿಕೊಂಡು ತೋಟದ ಕಡೆ ನಡೆದಳು. ಅವಳು ಹೇಳಿದ್ದನ್ನು ಪೂರ್ತಿ ನಂಬಬೇಕೋ ಬೇಡವೋ ಜ್ಞಾನಮ್ಮನಿಗೆ ಇನ್ನೂ ತಿಳಿಯಲಿಲ್ಲ. ನಡೆಯುವಾಗ ಅವಳ ಹಿಮ್ಮಡಿಯ ಒಡಕುಗಳಲ್ಲಿ ಕೆಮ್ಮಣ್ಣು ತುಂಬಿಕೊಂಡಿದ್ದು ಮಾತ್ರ ಕಂಡಿತು.

ಕದಿರಮ್ಮ ಈಗಲೂ ಸಭೆಯ ಗುಡಿಗೆ ಬರುತ್ತಾಳೆ. ಹೊಸ್ತಿಲ ಹೊರಗೆ, ಚಪ್ಪಲಿಗಳ ಪಕ್ಕದಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಒಬ್ಬಳೇ ಕೂತು ಹಾಡುತ್ತಾಳೆ. ಅವಳ ಎಡಕ್ಕೆ ಇನ್ನೊಬ್ಬರು ಚಾಪೆ ಹಾಸುವಷ್ಟು ಜಾಗವಿದೆ. ಭಾನುವಾರ ತನ್ನ ಚಾಪೆ ಎಲ್ಲಿ ಹಾಸಬೇಕೆಂದು ಜ್ಞಾನಮ್ಮ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಆಮೇಲೆ ಮಿಕ್ಕ ಹುಳುಗಳನ್ನು ಎತ್ತಿಡತೊಡಗಿದಳು.