ಟಿಲ್ಡಾಳ ಮಾತು ಕೇಳದ ಕೈಗಳು

ಟಿಲ್ಡಾ ಹಾರ್ಯುವಿಗೆ ಈ ಭೂಮಿಯ ಮೇಲೆ ಶತ್ರುಗಳು ಅಂತ ಇದ್ದರೆ ಅದು ಅವಳ ಎರಡು ಕೈಗಳು ಮಾತ್ರ. ಯಾರದೋ ಶೂ ಲೇಸು ಬಿಚ್ಚಿರಲಿ, ಯಾರದೋ ಹಾಲಿನ ಡಬ್ಬಿಯ ಬಾಯಿ ಬಿಡಿಸಬೇಕಾಗಿರಲಿ, ಅವಳನ್ನು ಒಂದು ಮಾತೂ ಕೇಳದೆ ಕೈಗಳು ಹೊರಟುಬಿಡುತ್ತಿದ್ದವು. ಕೆಲಸ ಮುಗಿದ ಮೇಲೆ ‘ಅಯ್ಯೋ, ಮತ್ತೆ ಮಾಡಿಬಿಟ್ಟೆನಲ್ಲ’ ಎಂದು ಅವಳಿಗೆ ಹೊಳೆಯುತ್ತಿತ್ತು.

ಬೇರೆ ಯಾವ ಕೆಲಸದಲ್ಲಾದರೂ ಇದನ್ನು ಒಳ್ಳೆಯ ಗುಣ ಎನ್ನುತ್ತಿದ್ದರು. ಆದರೆ ಟಿಲ್ಡಾ ಓದುತ್ತಿದ್ದದ್ದು ವಿಶೇಷ ಮಕ್ಕಳ ಟೀಚರ್ ಆಗಲು. ಅಲ್ಲಿ ಕೇಳದೆ ಮಾಡಿದ ಒಂದೊಂದು ಸಹಾಯಕ್ಕೂ ತಪ್ಪಿನ ಲೆಕ್ಕದಲ್ಲಿ ಒಂದೊಂದು ಗೀಟು ಬೀಳುತ್ತದೆ.

ಕಾಲೇಜಿನಿಂದ ಪರೀಕ್ಷಿಸಲು ಬರುತ್ತಿದ್ದ ಕ್ರೋಲ್ ಮೇಡಂ ಮೂರನೇ ಸಲ ಬಂದಾಗ, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತು, ಹದಿನೈದು ನಿಮಿಷದಲ್ಲಿ ಇಪ್ಪತ್ತೇಳು ಗೀಟು ಎಳೆದಿದ್ದರು.

“ಇಪ್ಪತ್ತೇಳರಲ್ಲಿ ಒಂದು ನಂದೇ,” ಎಂದಿದ್ದರು ಮೇಡಂ. “ನನ್ನ ಪೆನ್ ಬಿತ್ತಲ್ಲ, ನೀನು ಓಡಿ ಬಂದು ಎತ್ತಿಕೊಟ್ಟೆ. ಅದನ್ನೂ ಸೇರಿಸ್ಕೊಂಡಿದೀನಿ.”

ಲಿಖಿತ ಪರೀಕ್ಷೆಗಳನ್ನೆಲ್ಲ ಟಿಲ್ಡಾ ಸಲೀಸಾಗಿ ಪಾಸು ಮಾಡಿದ್ದಳು. ಉಳಿದಿದ್ದು ಗುರುವಾರದ ಈ ಕೊನೆಯ ಭೇಟಿ ಒಂದೇ. ಅದರಲ್ಲಿ ಮೂರಕ್ಕಿಂತ ಹೆಚ್ಚು ಗೀಟು ಬೀಳಬಾರದು. ಜೊತೆಗೆ ಅವಳ ಪಾಲಿಗೆ ಬಂದಿದ್ದ ಓಪಲ್ ಎಂಬ ಒಂಬತ್ತು ವರ್ಷದ ಹುಡುಗಿ, ಯಾರೂ ಹೇಳಿಕೊಡದೆ, ತಾನಾಗಿ ಒಂದೇ ಒಂದು ಸಲ ಸಹಾಯ ಕೇಳಬೇಕು. ಇವೆರಡೂ ಆದರೆ ಲೈಸೆನ್ಸು. ಲೈಸೆನ್ಸು ಬಂದರೆ ಅವಳು ತರಬೇತಿಗೆ ಬರುತ್ತಿದ್ದ ಶಾಲೆಯ ಇದೇ ಆರನೇ ನಂಬರ್ ಕೋಣೆಯಲ್ಲಿ ಕೆಲಸ, ಯಾಕೆಂದರೆ ಇಲ್ಲಿಯ ಹಳೇ ಟೀಚರ್ ಜೂನ್‌ನಲ್ಲಿ ನಿವೃತ್ತಿಯಾಗುತ್ತಿದ್ದರು. ಬರದಿದ್ದರೆ ಕೋಣೆ ಇನ್ಯಾರಿಗೋ, ಓಪಲ್ ಕೂಡ ಇನ್ಯಾರಿಗೋ.

ಓಪಲ್‌ಗೆ ಬಾಯಿಂದ ಮಾತು ಬರುವುದಿಲ್ಲ. ಕೊರಳಿಗೆ ಪಟ್ಟಿ ಹಾಕಿ ಒಂದು ಟ್ಯಾಬ್ಲೆಟ್ ನೇತುಹಾಕಿಕೊಂಡಿರುತ್ತಾಳೆ. ಅದರಲ್ಲಿನ ಚಿತ್ರ ಮುಟ್ಟಿದರೆ ಅದು ಅವಳ ಪರವಾಗಿ ಮಾತಾಡುತ್ತದೆ. ‘ಜ್ಯೂಸ್’, ‘ಸಾಕು’, ‘ನೀನು ಹೋಗು’ ಎಲ್ಲವನ್ನೂ ಧಾರಾಳವಾಗಿ ಒತ್ತುತ್ತಿದ್ದಳು. ‘ಸಹಾಯ ಬೇಕು’ ಎಂಬ ಚಿತ್ರವನ್ನು ಮಾತ್ರ ಏಳು ತಿಂಗಳಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ.

“ಅವಳು ಯಾಕೆ ಕೇಳ್ತಾಳೆ ಹೇಳು?” ಎಂದಳು ಬರ್ನಡೀನ್. ಆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸಹಾಯಕಿಯಾಗಿದ್ದವಳು ಅವಳು. “ಅವಳಿಗೆ ಬೇಕು ಅನ್ಸೋದಕ್ಕೆ ಮುಂಚೆ ನೀನು ಹಾಜರ್! ಮೊನ್ನೆ ಅವಳಿಗೆ ಸೀನು ಬರೋ ಮೊದ್ಲೇ ಮೂಗಿಗೆ ಟಿಶ್ಯೂ ಹಿಡಿದ್ಯಲ್ಲ ತಾಯಿ. ಪಾಪ, ಬರ್ತಿದ್ದ ಸೀನು ವಾಪಸ್ ಹೋಯ್ತು.”

“ಕೈ ಚಾಚೋ ಮೊದ್ಲು ಹತ್ತು ಎಣಿಸ್ತೀನಲ್ಲ ಬರ್ನಿ, ನೀವು ಹೇಳಿಕೊಟ್ಟ ಹಾಗೆ ಬೆರಳು ಮಡಚಿ ಮಡಚಿ...”

“ಎಣಿಸ್ತೀಯ. ಒಂದು, ಎರಡು, ಮೂರು, ಆಮೇಲೆ ಹತ್ತು! ಮಧ್ಯದ ಆರು ಎಲ್ಲಿಗ್ ಹೋದ್ವು? ಸರೋವರಕ್ಕೆ ಮೀನು ಹಿಡಿಯೋಕಾ?”

ಟಿಲ್ಡಾಗೆ ನಗುವೂ ಬಂತು, ಅಳುವೂ ಬಂತು. ಬರ್ನಡೀನ್ ಅವಳ ಮುಖ ನೋಡಿ, ಗೂಟದ ಮೇಲಿದ್ದ ತನ್ನ ಗಂಡನ ಚಾಪರ್ ಜೋಡಿಯನ್ನು ತೆಗೆದು ಅವಳ ಮಡಿಲಿಗೆ ಎಸೆದಳು. ಜಿಂಕೆ ಚರ್ಮದ, ಒಳಗೆ ಉಣ್ಣೆ ತುಂಬಿದ ದಪ್ಪ ಕೈಗವಸುಗಳು. ಸುಪೀರಿಯರ್ ಸರೋವರದ ದಂಡೆಯ ಈ ಊರಲ್ಲಿ ಚಾಪರ್ ಇಲ್ಲದೆ ಚಳಿಗಾಲ ಕಳೆಯುವವರಿಲ್ಲ. ಹಾಕಿಕೊಂಡರೆ ಗುದ್ದಲಿ ಹಿಡಿಯಬಹುದು. ಗುಂಡಿ, ಲೇಸು, ಝಿಪ್ಪು ಮಾತ್ರ ಕೇಳಲೇಬೇಡಿ.

“ಗುರುವಾರ ಇದನ್ನ ಹಾಕ್ಕೊಂಡು ಪಾಠ ಮಾಡು. ಆಗ ನೋಡೋಣ ಆ ಕಳ್ಳಕೈಗಳು ಏನ್ ಮಾಡ್ತವೆ ಅಂತ.”

ಅಭ್ಯಾಸಕ್ಕೆಂದು ಟಿಲ್ಡಾ ಅದನ್ನು ಮನೆಗೂ ಹಾಕಿಕೊಂಡು ಹೋದಳು. ಊಟಕ್ಕೆ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ದೊಡ್ಡ ಕಡುಬಿನಂಥ ಪಾಸ್ಟಿ ಇತ್ತು. ಅಪ್ಪನ ತಟ್ಟೆಯ ಪಾಸ್ಟಿಯನ್ನು ಕತ್ತರಿಸಿಕೊಡಲು ಅವಳ ಚಾಪರ್ ತಾನಾಗಿ ಚಾಕುವಿನ ಕಡೆ ಹೋಯಿತು, ಚಾಕು ಹಾರಿ ಕೆಚಪ್ಪಿನ ಮೇಲೆ ಬಿತ್ತು.

“ಬಿಡೇ ಮಗಳೇ,” ಎಂದ ಅಪ್ಪ. “ನಂಗೆ ಐವತ್ತೆಂಟು ವರ್ಷ ಆಯ್ತು. ಇವತ್ತೊಂದಿನ ನಾನೇ ಕತ್ತರಿಸ್ಕೊಂಡು ನೋಡ್ತೀನಿ.”

ಗುರುವಾರ ಬಂತು. ಏಪ್ರಿಲ್ ಆಗಿದ್ದರೂ ಹೊರಗೆ ಮಂಡಿಯುದ್ದ ಹಿಮ. ಹಳೇ ಟೀಚರ್ ಉಳಿದ ಮಕ್ಕಳನ್ನು ಜಿಮ್‌ಗೆ ಕರೆದುಕೊಂಡು ಹೋದರು. ಕೋಣೆಯಲ್ಲಿ ಉಳಿದದ್ದು ಓಪಲ್, ಟಿಲ್ಡಾ, ಬರ್ನಡೀನ್, ಮತ್ತು ಪುಟ್ಟ ಕುರ್ಚಿಯಲ್ಲಿ ಕ್ರೋಲ್ ಮೇಡಂ. ಪಾಠ ಏನೆಂದರೆ, ಆಟದ ಬಿಡುವಿಗೆ ಹೊರಗೆ ಹೋಗಲು ಓಪಲ್ ತಾನೇ ತಯಾರಾಗುವುದು. ಗೋಡೆಯ ಮೇಲೆ ಸಾಲಾಗಿ ಚಿತ್ರಗಳಿದ್ದವು: ಹಿಮದ ಪ್ಯಾಂಟು, ಬೂಟು, ಜಾಕೆಟ್ಟು, ಟೋಪಿ, ಕೈಗವಸು.

ಮೇಡಂ ಚಾಪರ್‌ಗಳನ್ನು ನೋಡಿದರು. “ಒಳಗೇ ಅಷ್ಟೊಂದು ಚಳೀನಾ?”

“ಇಲ್ಲ ಮೇಡಂ. ಇದು... ಬೇಲಿ.”

ಮೇಡಂ ಗಡಿಯಾರ ನೋಡಿ ಪೆನ್ ತೆಗೆದರು.

ಓಪಲ್ ಪ್ಯಾಂಟು ಹಾಕಿಕೊಂಡಳು. ಬೂಟನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಕೊಂಡಳು. ಟಿಲ್ಡಾ ಬಗ್ಗಹೋಗಿ ನೆಟ್ಟಗಾದಳು. ಚಾಪರ್ ಒಳಗೆ ಬೆರಳುಗಳು ಬಲೆಗೆ ಬಿದ್ದ ಮೀನಿನಂತೆ ಒದ್ದಾಡಿದವು. ಓಪಲ್ ಎರಡು ಹೆಜ್ಜೆ ನಡೆದು, ಪಾದ ನೋಡಿಕೊಂಡು, ಕೂತು ಬಿಚ್ಚಿ ಸರಿಯಾಗಿ ಹಾಕಿಕೊಂಡಳು. ಗೀಟು ಇಲ್ಲ. ಟಿಲ್ಡಾ ಉಸಿರು ಬಿಟ್ಟಳು.

ಮುಂದಿನದು ಜಾಕೆಟ್ಟಿನ ಝಿಪ್ಪು. ಟಿಲ್ಡಾ, ಬರ್ನಡೀನ್ ಇಬ್ಬರೂ ನಂಬಿ ಕೂತಿದ್ದೇ ಈ ಝಿಪ್ಪನ್ನು. ಇಲ್ಲಿಯವರೆಗೆ ಓಪಲ್ ಒಮ್ಮೆಯೂ ಅದನ್ನು ಎಳೆದುಕೊಂಡಿರಲಿಲ್ಲ, ಇಲ್ಲಿ ಸಹಾಯ ಕೇಳಲೇಬೇಕು.

ಓಪಲ್ ಝಿಪ್ಪಿನ ತುದಿ ಸೇರಿಸಲು ನೋಡಿದಳು. ಜಾರಿತು. ಟಿಲ್ಡಾಳ ಕಡೆ ನೋಡಿದಳು. ಟಿಲ್ಡಾ ಚಾವಣಿ ನೋಡಿದಳು. ಓಪಲ್ ಮತ್ತೆ ಸೇರಿಸಲು ಹೋದಳು, ಮತ್ತೆ ಜಾರಿತು. ನಾಲಿಗೆ ಹೊರಗೆ ಚಾಚಿಕೊಂಡು ಮೂರನೇ ಸಲ ಹಿಡಿದಳು. ಝರ್ರ್ ಎಂದು ಝಿಪ್ಪು ಗಲ್ಲದವರೆಗೆ ಏರಿತು.

ಬರ್ನಡೀನ್‌ಳ ಬಾಯಿ ತೆರೆದದ್ದು ಮುಚ್ಚಲಿಲ್ಲ. ಟಿಲ್ಡಾಗೆ ಕುಣಿಯುವಷ್ಟು ಖುಷಿಯಾಯಿತು. ಒಂದೇ ಕ್ಷಣ. ಆಮೇಲೆ ಗೋಡೆಯ ಚಿತ್ರಗಳ ಕಡೆ ನೋಡಿದಳು, ಉಳಿದದ್ದು ಟೋಪಿ, ಕೈಗವಸು ಎರಡೇ. ಹುಡುಗಿಗೆ ಎಲ್ಲವೂ ಬರುತ್ತದೆ! ಎಲ್ಲವೂ ಬಂದರೆ ಇನ್ನು ಏನು ಅಂತ ಕೇಳುತ್ತಾಳೆ?

ಓಪಲ್ ಟ್ಯಾಬ್ಲೆಟ್ಟನ್ನು ಜಾಕೆಟ್ಟಿನ ಮೇಲಕ್ಕೆ ಎಳೆದುಕೊಂಡು ಟೋಪಿ ಹಾಕಿಕೊಂಡಳು. ಕೈಗವಸು ಹಾಕಿಕೊಂಡಳು. ತಯಾರಿ ಮುಗಿಯಿತು.

“ಹನ್ನೆರಡು ನಿಮಿಷ,” ಎಂದರು ಮೇಡಂ. “ಗೀಟು ಸೊನ್ನೆ. ಕೇಳಿದ್ದೂ ಸೊನ್ನೆ.”

“ಅಲ್ಲ ಮೇಡಂ, ಹಾಕ್ಕೊಂಡಳಲ್ಲ! ನೀವೇ ಕಣ್ಣಾರೆ ನೋಡಿದ್ರಲ್ಲ!” ಬರ್ನಡೀನ್ ಎದ್ದು ನಿಂತಳು.

“ನೋಡ್ದೆ, ಸಂತೋಷ ಆಯ್ತು. ಆದ್ರೆ ಗುರಿ ಅಂತ ಬರೆದಿರೋದು ಕೇಳೋದು. ಇನ್ನೂ ಮೂರು ನಿಮಿಷ ಇದೆ.”

ಓಪಲ್ ಇವರ ಮಾತಿಗೆ ಕಿವಿಗೊಡದೆ ಹೊರಬಾಗಿಲಿನ ಕಡೆ ನಡೆದಳು. ಕಬ್ಬಿಣದ ಬಾಗಿಲು ಅದು. ಅಡ್ಡಪಟ್ಟಿ ಒತ್ತಿ ಮೈಭಾರ ಹಾಕಿ ತಳ್ಳಬೇಕು. ಟಿಲ್ಡಾಳ ಕಾಲುಗಳು ಎಂದಿನಂತೆ ಮುಂದಕ್ಕೆ ಓಡಿದವು. ದಿನಾ ಅವಳೇ ಮೊದಲು ಹೋಗಿ ಬೆನ್ನಿನಿಂದ ಬಾಗಿಲು ತಳ್ಳಿ ಹಿಡಿದಿರುತ್ತಿದ್ದಳು. ಇವತ್ತು ಬರ್ನಡೀನ್ ಹಿಂದಿನಿಂದ ಅವಳ ಸ್ವೆಟರ್ ಹಿಡಿದು ಜಗ್ಗಿದಳು.

“ಎಲ್ಲಿಗೆ?”

“ಬಾಗಿಲು...”

ಆಗ ಟಿಲ್ಡಾಗೆ ಹೊಳೆಯಿತು. ಕೈಗಳಿಗೆ ಬೇಲಿ ಹಾಕಿದ್ದಳು, ಕಾಲುಗಳನ್ನು ಮರೆತಿದ್ದಳು. ಅವಳು ನಿಂತಲ್ಲೇ ನಿಂತಳು.

ಓಪಲ್ ಬಾಗಿಲ ಮುಂದೆ ನಿಂತು ಕಾದಳು. ಬಾಗಿಲು ತೆರೆಯಲಿಲ್ಲ. ಓಪಲ್ ಹುಬ್ಬು ಗಂಟಿಕ್ಕಿದಳು. ಏಳು ತಿಂಗಳಿಂದ ಅದು ತನ್ನನ್ನು ಕಂಡ ಕೂಡಲೇ ತಾನಾಗಿ ತೆರೆಯುತ್ತದೆ ಎಂದೇ ಅವಳು ನಂಬಿದ್ದಳು. ಒಂದು ಹೆಜ್ಜೆ ಹಿಂದೆ ಹೋಗಿ, ಬಾಗಿಲಿಗೆ ತಾನು ಸರಿಯಾಗಿ ಕಾಣಿಸಲಿ ಎಂಬಂತೆ ಮತ್ತೆ ಮುಂದೆ ಬಂದಳು. ಊಹೂಂ. ಎರಡೂ ಕೈಯಿಂದ ತಳ್ಳಿದಳು. ಆಚೆಯಿಂದ ಗಾಳಿ ಇನ್ನೂ ಜೋರಾಗಿ ತಳ್ಳಿತು.

ಟಿಲ್ಡಾ ಎಣಿಸುತ್ತಿದ್ದಳು. ಹತ್ತಾಯಿತು. ಇಪ್ಪತ್ತಾಯಿತು. ಗಡಿಯಾರದ ಮುಳ್ಳಿನ ಸದ್ದು ಸುತ್ತಿಗೆ ಏಟಿನಂತೆ ಕೇಳುತ್ತಿತ್ತು.

ಓಪಲ್ ಹಲ್ಲಿನಿಂದ ಒಂದು ಕೈಗವಸು ಕಿತ್ತು ಉಗಿದಳು. ಟ್ಯಾಬ್ಲೆಟ್ ಎತ್ತಿದಳು.

“ಬಾಗಿಲು,” ಎಂದಿತು ಟ್ಯಾಬ್ಲೆಟ್.

ಯಾರೂ ಅಲುಗಲಿಲ್ಲ.

“ಬಾಗಿಲು. ಕೆಟ್ಟಿದೆ.”

ಬರ್ನಡೀನ್ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು. ಟಿಲ್ಡಾ ತುಟಿ ಕಚ್ಚಿಕೊಂಡಳು. ಓಪಲ್‌ಳ ಬೆರಳು ಪರದೆಯ ಮೇಲೆ ಅಲೆದಾಡಿತು, ಮೂಲೆಯಲ್ಲಿದ್ದ, ಯಾರೂ ಮುಟ್ಟದೆ ಹೊಸದಾಗೇ ಉಳಿದಿದ್ದ ಚಿತ್ರದ ಮೇಲೆ ನಿಂತಿತು. ಆಮೇಲೆ ಅವಳು ತಿರುಗಿ ಟಿಲ್ಡಾಳ ಕಣ್ಣನ್ನೇ ನೋಡುತ್ತ ಒತ್ತಿದಳು.

“ಸಹಾಯ ಬೇಕು.”

ಟಿಲ್ಡಾ ಹೇಗೆ ಓಡಿದಳೆಂದರೆ, ಭುಜ ಗುದ್ದಿದ ಹೊಡೆತಕ್ಕೆ ಬಾಗಿಲು, ಅವಳು, ಓಪಲ್ ಮೂವರೂ ಹೆಚ್ಚುಕಡಿಮೆ ಒಟ್ಟಿಗೇ ಹೊರಗೆ ಬಿದ್ದರು.

ಹಿಂದೆಯೇ ಬಂದ ಕ್ರೋಲ್ ಮೇಡಂ ಹೊಸ್ತಿಲಲ್ಲೇ ನಿಂತು ಲೈಸೆನ್ಸಿನ ಕಾಗದಕ್ಕೆ ಸಹಿ ಹಾಕಿದರು. ಹಾಕುವಾಗ ಪೆನ್ನು ಜಾರಿ ಹಿಮದಲ್ಲಿ ಹೂತುಹೋಯಿತು. ಟಿಲ್ಡಾಳ ಚಾಪರ್ ಚಿಮ್ಮಿತು, ಅರ್ಧಕ್ಕೇ ನಿಂತಿತು.

“ಬೇಕಿದ್ರೆ ಕೇಳಿ ಮೇಡಂ,” ಎಂದಳು ಟಿಲ್ಡಾ.

“ಪರವಾಗಿಲ್ಲ, ಲೈಸೆನ್ಸ್‌ಗೆ ತಕ್ಕ ಮಾತು,” ಎನ್ನುತ್ತ ಮೇಡಂ ತಾವೇ ಬಗ್ಗಿದರು.

ಅವರು ಒಳಗೆ ಹೋದ ಮೇಲೆ ಗಾಳಿ ಜೋರಾಯಿತು. ಬರ್ನಡೀನ್ ಒಳಗಿನಿಂದ ಟಿಲ್ಡಾಳ ಜಾಕೆಟ್ ತಂದು ಹೆಗಲ ಮೇಲೆ ಹಾಕಿದಳು. ಟಿಲ್ಡಾ ತೋಳು ತೂರಿಸಿಕೊಂಡು ಝಿಪ್ಪು ಎಳೆಯಲು ನೋಡಿದಳು. ಚಾಪರ್‌ಗೆ ಝಿಪ್ಪಿನ ತುದಿಯೇ ಸಿಗಲಿಲ್ಲ. ಕಿತ್ತು ತೆಗೆಯೋಣವೆಂದರೆ ಬೆವರಿದ ಕೈಗೆ ಅದು ಕಚ್ಚಿಕೊಂಡಿತ್ತು.

“ಓಪಲ್, ಸ್ವಲ್ಪ ಸಹಾಯ ಮಾಡೇ,” ಎಂದಳು.

ಓಪಲ್ ಬಂದು ಎದುರಿಗೆ ನಿಂತಳು. ಝಿಪ್ಪು ಮುಟ್ಟಲಿಲ್ಲ. ಬರಿಗೈ ಮೇಲೆತ್ತಿ, ಟಿಲ್ಡಾಳ ಮುಖ ನೋಡುತ್ತ, ಒಂದು ಬೆರಳು ಮಡಚಿದಳು.

“ಅಯ್ಯೋ, ಕೇಳಿದ್ನಲ್ಲೇ! ಕೇಳಿದ್ಮೇಲೆ ಎಣಿಸೋ ಹಾಗಿಲ್ಲ!”

ಎರಡನೇ ಬೆರಳು. ಮೂರನೆಯದು. ಟಿಲ್ಡಾ ಇಲ್ಲಿಗೆ ಮುಗಿಯಿತು ಎಂದುಕೊಂಡಳು. ಓಪಲ್ ನಾಲ್ಕನೆಯದನ್ನೂ ಮಡಚಿದಳು. ಇನ್ನೊಂದು ಕೈಗವಸನ್ನೂ ಕಿತ್ತು, ನಿಧಾನವಾಗಿ, ಒಂದನ್ನೂ ಬಿಡದೆ ಹತ್ತೂ ಎಣಿಸಿದಳು.

ಆಮೇಲೆ ಟಿಲ್ಡಾಳ ಝಿಪ್ಪನ್ನು ಗಲ್ಲದವರೆಗೆ ಎಳೆದು ಹಾಕಿದಳು.